ಹೊಳೆಯುವ ರಾಡ್ ಅಸಲಿ, ಮಂಕು ರಾಡ್ ನಕಲಿಯೇ? ಮೂಳೆಯೊಳಗಿನ ಲೋಹದ ಬಗ್ಗೆ ಹರಿದಾಡುವ ಫಾರ್ವರ್ಡ್‌ನ ಸತ್ಯಾಂಶ

ಹುಮನಾಬಾದ್ ಹತ್ತಿರದ ಹಳ್ಳಿಯ ಓದುಗರೊಬ್ಬರು ನಮಗೆ ಒಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿದ್ದರು. ಅದರಲ್ಲಿ ಎರಡು ಫೋಟೋ ಇದ್ದವು. ಒಂದರಲ್ಲಿ ಕನ್ನಡಿಯಂತೆ ಹೊಳೆಯುವ ರಾಡ್, ಇನ್ನೊಂದರಲ್ಲಿ ಬೂದಿ ಬಣ್ಣದ ಮಂಕು ರಾಡ್. ಕೆಳಗಿನ ಬರಹದ ಸಾರ ಇಷ್ಟು: ಹೊಳೆಯುವುದು ಅಸಲಿ, ಮಂಕಾಗಿರುವುದು ನಕಲಿ. ನಕಲಿ ರಾಡ್ ಮೈಯೊಳಗೆ ತುಕ್ಕು ಹಿಡಿದು ರಕ್ತ ಕೆಡಿಸುತ್ತದೆ, ಕೂಡಲೇ ತೆಗೆಸಿ, ಎಲ್ಲ ಗ್ರೂಪಿಗೂ ಕಳಿಸಿ.

ಈ ಓದುಗರ ತಂದೆಗೆ ಮೂರು ತಿಂಗಳ ಹಿಂದೆ ಹೆದ್ದಾರಿಯಲ್ಲಿ ಬೈಕ್ ಅಪಘಾತವಾಗಿ ಮೊಣಕಾಲಿನ ಕೆಳಗಿನ ಮೂಳೆ ಮುರಿದಿತ್ತು. ಆಪರೇಷನ್‌ಗೆ ಮುಂಚೆ ಆಸ್ಪತ್ರೆಯವರು ಮನೆಯವರಿಗೆ ತೋರಿಸಿದ್ದ ರಾಡ್ ಬೂದಿ ಬಣ್ಣದ್ದು. ಕೋಲು ಹಿಡಿದು ಅಂಗಳದಲ್ಲಿ ಓಡಾಡಲು ಶುರು ಮಾಡಿದ್ದ ತಂದೆ, ಈ ಫಾರ್ವರ್ಡ್ ನೋಡಿದ ಮೇಲೆ ಕಾಲು ಊರಲು ಹೆದರುತ್ತಿದ್ದಾರೆ. ಮಗನ ಪ್ರಶ್ನೆ ಹೀಗಿತ್ತು: "ತೆಗಸಿ ಬ್ಯಾರೆ ಹಾಕಸಬೇಕೇನ್ರೀ? ತೊಗರಿ ಮಾರಿದ ರೊಕ್ಕ ಅದ, ಈಗಾದ್ರ ಆಗ್ತದ."

ಒಂದು ಸುಳ್ಳು ಸಂದೇಶದಿಂದ ಒಂದು ಮನೆಯ ವರ್ಷದ ಬೆಳೆಯ ಹಣ ಮತ್ತು ಕೂಡಿಕೊಳ್ಳುತ್ತಿರುವ ಮೂಳೆ ಎರಡೂ ಅಪಾಯಕ್ಕೆ ಸಿಲುಕಿದ್ದವು. ಹಾಗಾಗಿ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಚಿಕ್ಕ ಉತ್ತರ

ಬೇಡ. ಬರೀ ಬಣ್ಣ ನೋಡಿ ಯಾವ ರಾಡನ್ನೂ ತೆಗೆಸಬೇಕಿಲ್ಲ. ಮೂಳೆಗೆ ಹಾಕುವ ಲೋಹ ಹೊಳೆಯಬೇಕೋ ಮಂಕಾಗಿರಬೇಕೋ, ನುಣುಪಾಗಿರಬೇಕೋ ಒರಟಾಗಿರಬೇಕೋ ಎಂಬುದನ್ನು ನಿರ್ಧರಿಸುವುದು ಅದು ಮೈಯಲ್ಲಿ ಮಾಡಬೇಕಾದ ಕೆಲಸ. ಕೆಲವು ಇಂಪ್ಲಾಂಟ್‌ಗಳನ್ನು ಬೇಕೆಂದೇ ಕನ್ನಡಿಯಂತೆ ತಿಕ್ಕುತ್ತಾರೆ, ಕೆಲವನ್ನು ಬೇಕೆಂದೇ ಮರಳುಕಾಗದದಷ್ಟು ಒರಟು ಮಾಡುತ್ತಾರೆ. ಅಸಲಿ ನಕಲಿ ಗೊತ್ತಾಗುವುದು ಹೊಳಪಿನಿಂದ ಅಲ್ಲ, ಡಬ್ಬಿಯ ಮೇಲಿನ ಸ್ಟಿಕ್ಕರ್‌ನಿಂದ. ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇವೆ.

ಬೀದರ್‌ನವರಿಗೆ ಈ ಪಾಠ ಹೊಸದಲ್ಲ

ಲೋಹದ ಒಳಗು ಬೇರೆ, ಮೇಲ್ಮೈ ಬೇರೆ ಎಂಬುದು ಬೀದರ್ ಜಿಲ್ಲೆಯವರಿಗೆ ಬಿದರಿ ಕಲೆಯಿಂದ ಗೊತ್ತೇ ಇದೆ. ಬಿದರಿ ಹೂಜಿಯ ಲೋಹ ಹೆಚ್ಚಿನಂಶ ಸತುವು, ಜೊತೆಗೆ ತುಸು ತಾಮ್ರ. ಎರಕ ಹೊಯ್ದಾಗ ಅದು ಬೂದು ಬಣ್ಣದ ಒರಟು ವಸ್ತು. ಅದನ್ನು ಅರದಿಂದ ತಿಕ್ಕಿ ನುಣುಪು ಮಾಡಿ, ಚಿತ್ತಾರ ಕೊರೆದು, ಬೆಳ್ಳಿ ತುಂಬುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿ ಹಚ್ಚುತ್ತಾರೆ. ಆಗ ಸತುವಿನ ಮೈ ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಬೆಳ್ಳಗೆ ಉಳಿಯುತ್ತದೆ.

ಇಲ್ಲಿ ಬಣ್ಣ ಬಳಿದಿಲ್ಲ. ಲೋಹದ ಮೇಲಿನ ತೀರಾ ತೆಳು ಪದರ ರಾಸಾಯನಿಕವಾಗಿ ಬದಲಾಗಿದೆ, ಅಷ್ಟೆ. ಒಳಗಿನ ಲೋಹ ಮೊದಲಿನಂತೆಯೇ ಇದೆ. 2006ರಲ್ಲಿ ಜಿಐ ಮಾನ್ಯತೆ ಪಡೆದ, 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ತಂದುಕೊಟ್ಟ ಈ ಕಲೆಯ ಅರ್ಧ ಗುಟ್ಟು ಇರುವುದು ಮೇಲ್ಮೈಯಲ್ಲೇ.

ಇಂಪ್ಲಾಂಟ್ ಕಾರ್ಖಾನೆಯಲ್ಲಿ ನಡೆಯುವುದೂ ಇದೇ ಜಾತಿಯ ಕೆಲಸ. ಬಿದರಿಯಲ್ಲಿ ಮೇಲ್ಪದರ ಅಂದಕ್ಕಾಗಿ, ಇಂಪ್ಲಾಂಟ್‌ನಲ್ಲಿ ರಕ್ಷಣೆಗಾಗಿ.

ಮೈಯೊಳಗೆ ತುಕ್ಕು ಹಿಡಿಯುತ್ತದೆಯೇ?

ಫಾರ್ವರ್ಡ್‌ನ ಅತಿ ದೊಡ್ಡ ಹೆದರಿಕೆ ಇದು. ಹೆದರಿಕೆಗೆ ಒಂದು ಕಾರಣವೂ ಇದೆ. ನಮ್ಮ ಮೈಯೊಳಗಿನ ದ್ರವ ಉಪ್ಪುನೀರು. ಉಪ್ಪಿನಂಶ ನೂರಕ್ಕೆ ಸುಮಾರು 0.9ರಷ್ಟು, ಉಷ್ಣತೆ ಸದಾ 37 ಡಿಗ್ರಿ. ರೊಟ್ಟಿ ಬೇಯಿಸುವ ಕಬ್ಬಿಣದ ಹಂಚನ್ನು ಇಂಥ ನೀರಿನಲ್ಲಿ ಒಂದು ರಾತ್ರಿ ಇಟ್ಟರೆ ಸಾಕು, ಬೆಳಗ್ಗೆ ಕೆಂಪಾಗಿರುತ್ತದೆ. ಆದರೆ ಅದೇ ಅಡುಗೆಮನೆಯ ಸ್ಟೀಲ್ ತಂಬಿಗೆಗೆ ಏನೂ ಆಗುವುದಿಲ್ಲ. ಯಾಕೆ?

ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಲೋಹದ ಮೈಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ. ಪದರದ ದಪ್ಪ ಕೆಲವೇ ನ್ಯಾನೋಮೀಟರ್, ಅಂದರೆ ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲೊಂದು ಭಾಗದಷ್ಟು. ಕಣ್ಣಿಗೆ ಕಾಣದ ಈ ಪೊರೆ ನೀರು, ಉಪ್ಪು ಒಳಗಿನ ಲೋಹಕ್ಕೆ ತಾಗದಂತೆ ತಡೆಯುತ್ತದೆ. ಗೀರು ಬಿದ್ದರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ.

ಮೂಳೆಗೆ ಬಳಸುವ ಉಕ್ಕು ತಂಬಿಗೆಯ ಉಕ್ಕಿಗಿಂತ ಒಂದು ಮೆಟ್ಟಿಲು ಮೇಲಿನದು. 316ಎಲ್ ಎಂಬ ಜಾತಿಯ ಈ ಉಕ್ಕಿನಲ್ಲಿ ಕ್ರೋಮಿಯಂ, ನಿಕ್ಕೆಲ್ ಜೊತೆ ನೂರಕ್ಕೆ 2ರಿಂದ 3ರಷ್ಟು ಮಾಲಿಬ್ಡಿನಂ ಬೆರೆತಿರುತ್ತದೆ. ಉಪ್ಪುನೀರು ಲೋಹವನ್ನು ಚುಕ್ಕೆ ಚುಕ್ಕೆಯಾಗಿ ಕೊರೆಯುವುದನ್ನು ತಡೆಯುವುದು ಅದರ ಕೆಲಸ. ಟೈಟಾನಿಯಂನ ಆಕ್ಸೈಡ್ ಪೊರೆಯಂತೂ ಇನ್ನೂ ಗಟ್ಟಿ. ಆದ್ದರಿಂದಲೇ ಅದು ಮೈಯೊಳಗೆ ದಶಕಗಳ ಕಾಲ ಇರಬಲ್ಲದು.

ಹಾಗಂತ ಏನೂ ಆಗುವುದೇ ಇಲ್ಲ ಎಂದು ನಾವು ಹೇಳುವುದಿಲ್ಲ. ತೆಗೆದ ಉಕ್ಕಿನ ಪ್ಲೇಟ್‌ಗಳಲ್ಲಿ ಸ್ಕ್ರೂ ಕೂರುವ ರಂಧ್ರದ ಅಂಚಿನಲ್ಲಿ ಸವೆತ, ಕೊರೆತ ಕಾಣುವುದುಂಟು. ಅಲ್ಲಿ ಎರಡು ಲೋಹಗಳು ನಡೆಯುವಾಗಲೆಲ್ಲ ಸೂಕ್ಷ್ಮವಾಗಿ ಉಜ್ಜಿಕೊಂಡು ಪೊರೆ ಮತ್ತೆ ಮತ್ತೆ ಹರಿಯುತ್ತದೆ. ಸಂದಿಯಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಹೊಸ ಪೊರೆ ಬೇಗ ಕಟ್ಟುವುದಿಲ್ಲ. ಆದರೆ ಇದು ಬಾವಿಯ ಸರಪಳಿಗೆ ಹಿಡಿಯುವಂಥ ತುಕ್ಕಲ್ಲ, ಮತ್ತು ಬಹುಪಾಲು ಜನರಿಗೆ ಇದರಿಂದ ಯಾವ ತೊಂದರೆಯೂ ಆಗುವುದಿಲ್ಲ.

ಲೇತ್‌ನಿಂದ ಡಬ್ಬಿಯವರೆಗೆ

ರಾಡ್, ಪ್ಲೇಟ್, ಸ್ಕ್ರೂಗಳನ್ನು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದಲ್ಲಿ ಕಡೆಯುತ್ತಾರೆ. ಯಂತ್ರದಿಂದ ಹೊರಬಂದ ತುಂಡನ್ನು ಹಾಗೆಯೇ ಮೈಯೊಳಗೆ ಹಾಕುವಂತಿಲ್ಲ. ನಿಮ್ಮೂರಿನ ಲೇತ್ ಅಂಗಡಿಯಲ್ಲಿ ಹೊಸದಾಗಿ ಕಡೆದ ಬೋಲ್ಟ್ ಮುಟ್ಟಿ ನೋಡಿದ್ದರೆ ಕಾರಣ ಗೊತ್ತಿರುತ್ತದೆ: ಅಂಚಿನಲ್ಲಿ ಚುಚ್ಚುವ ಮುಳ್ಳು, ಮೈಮೇಲೆ ಉಳಿಯ ಗೆರೆ, ಕೈಗೆ ಅಂಟುವ ಎಣ್ಣೆ.

ಹಾಗಾಗಿ ಮೊದಲು ಅಂಚಿನ ಮುಳ್ಳು ತೆಗೆಯುತ್ತಾರೆ. ಸಣ್ಣ ಸೆರಾಮಿಕ್ ಹರಳುಗಳ ಜೊತೆ ತುಂಡುಗಳನ್ನು ತೊಟ್ಟಿಯಲ್ಲಿ ಹಾಕಿ ಗಂಟೆಗಟ್ಟಲೆ ಅಲುಗಾಡಿಸುವುದು ಒಂದು ವಿಧಾನ. ಹೊಳೆಯ ಕಲ್ಲು ಉರುಳಿ ಉರುಳಿ ನುಣುಪಾಗುವುದಿಲ್ಲವೇ, ಹಾಗೆ.

ಆಮೇಲೆ ಪಾಲಿಶ್. ಉಕ್ಕಿನ ಇಂಪ್ಲಾಂಟ್‌ಗೆ ಹೆಚ್ಚಾಗಿ ಎಲೆಕ್ಟ್ರೋಪಾಲಿಶಿಂಗ್ ಮಾಡುತ್ತಾರೆ. ತುಂಡನ್ನು ಆಮ್ಲದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನ ಧನ ತುದಿಗೆ ಜೋಡಿಸುತ್ತಾರೆ. ಆಗ ಮೇಲ್ಮೈಯ ಉಬ್ಬುಗಳು ತಗ್ಗುಗಳಿಗಿಂತ ಬೇಗ ಕರಗಿ ಮೈ ಸಮವಾಗುತ್ತದೆ. ಫೋಟೋದಲ್ಲಿದ್ದ ಕನ್ನಡಿ ಹೊಳಪು ಬರುವುದು ಹೀಗೆ. ಕೆಲವು ತುಂಡುಗಳ ಮೇಲೆ ಇದಕ್ಕೆ ಬದಲು ಗಾಜಿನ ಮಣಿ ಅಥವಾ ಗಟ್ಟಿ ಹರಳಿನ ಪುಡಿಯನ್ನು ರಭಸದಿಂದ ಹೊಡೆಯುತ್ತಾರೆ. ಆಗ ಬರುವುದು ಮಂಕು ಮೈ. ಎರಡೂ ಬೇಕೆಂದೇ ಮಾಡಿದ್ದು.

ಕೊನೆಯಲ್ಲಿ ತೊಳೆತ ಮತ್ತು ಪ್ಯಾಸಿವೇಶನ್. ಉಕ್ಕನ್ನು ಕಡೆಯುವಾಗ ಉಳಿಯಿಂದ ಕಬ್ಬಿಣದ ಕಣಗಳು ಮೈಗೆ ಮೆತ್ತಿಕೊಳ್ಳಬಹುದು. ಅವು ಉಳಿದರೆ ತುಕ್ಕು ಅಲ್ಲಿಂದಲೇ ಶುರು. ನೈಟ್ರಿಕ್ ಆಮ್ಲ ಅಥವಾ ಸಿಟ್ರಿಕ್ ಆಮ್ಲದಲ್ಲಿ ಅದ್ದಿದರೆ ಆ ಕಣಗಳು ಕರಗಿ, ಕ್ರೋಮಿಯಂ ಪೊರೆ ಒಂದೇ ಸಮನಾಗಿ ಕಟ್ಟಿಕೊಳ್ಳುತ್ತದೆ. ಸಿಟ್ರಿಕ್ ಆಮ್ಲ ನಿಂಬೆಹುಳಿಯಲ್ಲಿರುವುದೇ. ಬಳಿಕ ಸ್ವಚ್ಛ ಕೊಠಡಿಯಲ್ಲಿ ಪ್ಯಾಕ್ ಮಾಡುತ್ತಾರೆ. ಗಾಮಾ ಕಿರಣದಂಥ ವಿಧಾನದಿಂದ ಕಾರ್ಖಾನೆಯಲ್ಲೋ, ಬಿಸಿ ಹಬೆಯಿಂದ ಆಸ್ಪತ್ರೆಯಲ್ಲೋ ರೋಗಾಣುಗಳನ್ನು ಕೊಲ್ಲುತ್ತಾರೆ.

ಪಾಲಿಶ್‌ಗೆ ಇನ್ನೊಂದು ಕಾರಣವೂ ಇದೆ. ತಂತಿಯನ್ನು ಹತ್ತಾರು ಸಲ ಬಗ್ಗಿಸಿದರೆ ಮುರಿಯುತ್ತದೆ, ಮೊದಲೇ ಗೀರಿದ್ದರೆ ಅಲ್ಲಿಂದಲೇ ಮುರಿಯುತ್ತದೆ. ನಾವು ಇಡುವ ಒಂದೊಂದು ಹೆಜ್ಜೆಯೂ ರಾಡನ್ನು ಕಾಣದಷ್ಟು ಬಗ್ಗಿಸುತ್ತದೆ. ಲಕ್ಷಾಂತರ ಹೆಜ್ಜೆಗಳ ನಂತರ ಬಿರುಕು ಹುಟ್ಟುವುದಾದರೆ ಹೆಚ್ಚಾಗಿ ಮೇಲ್ಮೈಯ ಗೀರಿನಲ್ಲೇ. ಒಬ್ಬರ ಮೈಯಿಂದ ತೆಗೆದ ರಾಡನ್ನು ತಿಕ್ಕಿ ಇನ್ನೊಬ್ಬರಿಗೆ ಹಾಕಬಾರದು ಎಂಬ ನಿಯಮಕ್ಕೆ ಸೋಂಕಿನ ಜೊತೆ ಇದೂ ಒಂದು ಕಾರಣ.

ಎಲ್ಲಿ ನುಣುಪು, ಎಲ್ಲಿ ಒರಟು?

ಎತ್ತಿನ ಬಂಡಿಯ ಅಚ್ಚು ನುಣುಪಾಗಿರಬೇಕು, ಇಲ್ಲದಿದ್ದರೆ ಗಾಲಿ ಸವೆಯುತ್ತದೆ. ಆದರೆ ಕಾಂಕ್ರೀಟ್ ಕಂಬಕ್ಕೆ ಗಿಲಾವು ಮಾಡುವ ಮೊದಲು ಗೌಂಡಿ ಅದರ ಮೈಗೆ ಕಚ್ಚು ಹೊಡೆಯುತ್ತಾನೆ, ಇಲ್ಲದಿದ್ದರೆ ಗಿಲಾವು ಹಿಡಿಯುವುದಿಲ್ಲ. ಒಂದೇ ಮನೆಯಲ್ಲಿ ಒಂದು ವಸ್ತು ನುಣುಪು, ಇನ್ನೊಂದು ಒರಟು. ಇಂಪ್ಲಾಂಟ್‌ನಲ್ಲೂ ಹಾಗೆಯೇ.

ಸೊಂಟದ ಕೀಲು ಬದಲಾಯಿಸಿದಾಗ ಒಂದು ಗುಂಡು ಒಂದು ಬಟ್ಟಲಿನೊಳಗೆ ತಿರುಗುತ್ತದೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಆ ಲೋಹದ ಗುಂಡಿನ ಒರಟುತನ ಸರಾಸರಿ 0.05 ಮೈಕ್ರಾನ್ ದಾಟಬಾರದು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಇದು ಎಷ್ಟು ನುಣುಪೆಂದು ಊಹಿಸಿ. ಗುಂಡಿನ ಮೇಲೆ ಗೀರಿದ್ದರೆ ಅದು ಬಟ್ಟಲಿನ ಪ್ಲಾಸ್ಟಿಕ್ ಒಳಪದರವನ್ನು ಅರದಂತೆ ಉಜ್ಜಿ ಪುಡಿ ಉದುರಿಸುತ್ತದೆ, ಆ ಪುಡಿಯಿಂದ ಸುತ್ತಲಿನ ಮೂಳೆ ಕರಗುತ್ತದೆ.

ಅದೇ ಕೀಲಿನ ಇನ್ನೊಂದು ಭಾಗ, ತೊಡೆಮೂಳೆಯೊಳಗೆ ಇಳಿಯುವ ಕಂಬ. ಸಿಮೆಂಟ್ ಬಳಸದೆ ಕೂರಿಸುವ ಕಂಬವನ್ನು ಮೂಳೆ ತಾನೇ ಬೆಳೆದು ಹಿಡಿದುಕೊಳ್ಳಬೇಕು. ಅದಕ್ಕಾಗಿ ಅದರ ಮೈಯನ್ನು ಒರಟು ಮಾಡುತ್ತಾರೆ, ಅಥವಾ ಮೂಳೆ ಹೊಕ್ಕು ಬೆಳೆಯುವಂಥ ಸಣ್ಣ ಸಣ್ಣ ರಂಧ್ರಗಳ ಪದರ ಕೂರಿಸುತ್ತಾರೆ. 1952ರಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಮೂಳೆಯಲ್ಲಿಟ್ಟ ಟೈಟಾನಿಯಂ ಉಪಕರಣವನ್ನು ತೆಗೆಯಲು ಹೋದಾಗ ಅದು ಕಿತ್ತು ಬರಲಿಲ್ಲ. ಮೂಳೆ ಅದಕ್ಕೆ ಅಂಟಿಕೊಂಡೇ ಬೆಳೆದಿತ್ತು. 1985ರಲ್ಲಿ ಲಂಡನ್ನಿನ ಸರ್ಜನ್ ರೊನಾಲ್ಡ್ ಫರ್ಲಾಂಗ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮೂಳೆಯಲ್ಲೇ ಇರುವಂಥ ಖನಿಜವಾದ ಹೈಡ್ರಾಕ್ಸಿಅಪಟೈಟ್‌ನ ಬಿಳಿ ಲೇಪವಿದ್ದ ಕಂಬವನ್ನು ರೋಗಿಗೆ ಅಳವಡಿಸಿದರು. ಈ ಲೇಪ ನೋಡಲು ಸುಣ್ಣ ಬಳಿದಂತಿರುತ್ತದೆ, ಹೊಳಪು ಲವಲೇಶವೂ ಇಲ್ಲ. ಫಾರ್ವರ್ಡ್‌ನ ಲೆಕ್ಕದಲ್ಲಿ ಇದೂ ನಕಲಿ!

ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ಇದೆ. ಮಕ್ಕಳ ಮೂಳೆಗೆ ಹಾಕುವ, ಮುಂದೆ ತೆಗೆಯಬೇಕಾದ ಪ್ಲೇಟ್ ಮತ್ತು ಸ್ಕ್ರೂಗಳಿಗೆ ಮೂಳೆ ಅಂಟಿಕೊಂಡರೆ ಕಷ್ಟ. ಅಲ್ಲಿ ನುಣುಪು ಮೈ ಇದ್ದರೆ ತೆಗೆಯುವುದು ಸುಲಭ.

ಹೊಳಪು ತೆಗೆದು ಪಾಠ ಕಲಿತ ಕಥೆ

ಮೇಲ್ಮೈ ಎಷ್ಟು ಮುಖ್ಯ ಎಂಬುದನ್ನು ಇಂಗ್ಲೆಂಡಿನ ಎಕ್ಸೆಟರ್ ಎಂಬ ಊರಿನ ಕಥೆ ಚೆನ್ನಾಗಿ ಹೇಳುತ್ತದೆ. ಅಲ್ಲಿನ ಸರ್ಜನ್ ರಾಬಿನ್ ಲಿಂಗ್ ಮತ್ತು ಎಂಜಿನಿಯರ್ ಕ್ಲೈವ್ ಲೀ ಸೇರಿ ಸೊಂಟದ ಕೀಲಿಗೆ ಒಂದು ಕಂಬ ರೂಪಿಸಿದರು. 1970ರಲ್ಲಿ ಬಳಕೆಗೆ ಬಂದ ಅದು ನುಣುಪಾಗಿ ಪಾಲಿಶ್ ಆದ, ಕೆಳಗೆ ಚೂಪಾಗುವ ಕಂಬ. ಅದನ್ನು ಮೂಳೆಯೊಳಗೆ ಸಿಮೆಂಟ್ ಹಾಕಿ ಕೂರಿಸುತ್ತಿದ್ದರು. 1976ರ ಹೊತ್ತಿಗೆ ಅದರ ಪಾಲಿಶ್ ಬಿಟ್ಟು ಮಂಕು ಮೈ ಕೊಟ್ಟರು. ಆಕಾರ ಬಹುತೇಕ ಅದೇ. ಆದರೆ ಮಂಕು ಕಂಬಗಳು ಮೊದಲಿನವಕ್ಕಿಂತ ಹೆಚ್ಚಾಗಿ ಸಡಿಲವಾಗತೊಡಗಿದವು. 1986ರಲ್ಲಿ ಮತ್ತೆ ಪಾಲಿಶ್‌ಗೆ ಮರಳಿದರು. ಆ ಕಂಬ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಕಾರಣ ನೇಗಿಲಿಗೆ ಬೆಣೆ ಹೊಡೆದವರಿಗೆ ಬೇಗ ತಿಳಿಯುತ್ತದೆ. ನುಣುಪಾದ ಚೂಪು ಕಂಬ ಸಿಮೆಂಟಿನೊಳಗೆ ಒಂದೆರಡು ಮಿಲಿಮೀಟರ್ ಇಳಿದು, ಬೆಣೆಯಂತೆ ಇನ್ನಷ್ಟು ಬಿಗಿಯಾಗುತ್ತದೆ. ಒರಟು ಕಂಬ ಹಾಗೆ ಜಾರಲಾರದು. ಅದು ಅಲುಗಿದಾಗ ಸಿಮೆಂಟನ್ನೇ ಉಜ್ಜಿ ಪುಡಿ ಮಾಡುತ್ತದೆ.

ಮೂಳೆಗೆ ನೇರವಾಗಿ ಕೂರಿಸುವಾಗ ಒರಟು ಮೈ ಬೇಕು, ಈ ಕಂಬಕ್ಕೆ ಸಿಮೆಂಟಿನೊಳಗೆ ನುಣುಪು ಬೇಕು. ಎರಡೂ ಒಂದೇ ತೊಡೆಮೂಳೆಯ ವಿಷಯ! "ಹೊಳೆಯುವುದೇ ಒಳ್ಳೆಯದು" ಎಂಬ ಒಂದೇ ನಿಯಮ ಎಲ್ಲಿ ಸರಿ ಹೊಂದೀತು?

ನೀಲಿ, ನೇರಳೆ ಪ್ಲೇಟ್ ಮತ್ತು "ಚಿನ್ನದ ಮಂಡಿ"

ಕೆಲವರು ನೀಲಿ, ಹಸಿರು, ನೇರಳೆ ಬಣ್ಣದ ಪ್ಲೇಟ್ ನೋಡಿ "ಪೇಂಟ್ ಹೊಡೆದಿದ್ದಾರೆ, ಒಳಗೆ ಕರಗುತ್ತದೆ" ಎಂದು ಹೆದರುತ್ತಾರೆ. ಅದು ಪೇಂಟ್ ಅಲ್ಲ. ಟೈಟಾನಿಯಂಗೆ ದ್ರಾವಣದಲ್ಲಿ ವಿದ್ಯುತ್ ಹಾಯಿಸಿದರೆ ಅದರ ಆಕ್ಸೈಡ್ ಪೊರೆ ದಪ್ಪವಾಗುತ್ತದೆ. ಇದಕ್ಕೆ ಆನೋಡೈಸಿಂಗ್ ಎನ್ನುತ್ತಾರೆ. ಮಳೆ ಬಿದ್ದ ರಸ್ತೆಯಲ್ಲಿ ಚೆಲ್ಲಿದ ಪೆಟ್ರೋಲ್ ಕಾಮನಬಿಲ್ಲಿನಂತೆ ಕಾಣುತ್ತದಲ್ಲ, ಅಲ್ಲಿ ಬಣ್ಣ ಹಾಕಿದವರು ಯಾರೂ ಇಲ್ಲ. ತೆಳು ಪದರದಿಂದ ಬೆಳಕು ಪ್ರತಿಫಲಿಸುವ ರೀತಿಯೇ ಬಣ್ಣವಾಗಿ ಕಾಣುತ್ತದೆ. ಇಲ್ಲೂ ಅಷ್ಟೆ, ಪೊರೆಯ ದಪ್ಪ ಬದಲಾದಂತೆ ಬಣ್ಣ ಬದಲಾಗುತ್ತದೆ. ಸ್ಕ್ರೂವಿನ ಅಳತೆ ಗುರುತಿಸಲು ಆಪರೇಷನ್ ಥಿಯೇಟರ್‌ನಲ್ಲಿ ಈ ಬಣ್ಣಗಳು ನೆರವಾಗುತ್ತವೆ. ಇನ್ನೊಂದು ಬಗೆಯ ಆನೋಡೈಸಿಂಗ್‌ನಿಂದ ಟೈಟಾನಿಯಂ ಮಂಕು ಬೂದು ಬಣ್ಣ ಪಡೆಯುತ್ತದೆ. ಫಾರ್ವರ್ಡ್‌ನಲ್ಲಿ "ನಕಲಿ" ಎಂದು ತೋರಿಸಿದ ಬಣ್ಣವೂ ಇಂಥದೇ.

ಇನ್ನು ಮಂಡಿ ಬದಲಾವಣೆಯಲ್ಲಿ ಕೇಳಿಬರುವ "ಗೋಲ್ಡನ್ ನೀ". ಅದರಲ್ಲಿ ಚಿನ್ನ ಇಲ್ಲ. ಟೈಟಾನಿಯಂ ನೈಟ್ರೈಡ್‌ನಂಥ ಗಟ್ಟಿ ಲೇಪದ ಬಣ್ಣವೇ ಚಿನ್ನದಂತಿರುತ್ತದೆ. ಒಳಗಿನ ಕೋಬಾಲ್ಟ್, ಕ್ರೋಮಿಯಂ, ನಿಕ್ಕೆಲ್ ಹೊರಬರುವುದನ್ನು ತಗ್ಗಿಸುವುದು ಅದರ ಉದ್ದೇಶ. ಲೋಹದ ಅಲರ್ಜಿ ಇರುವವರಿಗೆ ವೈದ್ಯರು ಅದನ್ನು ಸೂಚಿಸಬಹುದು. ಆದರೆ ಉಳಿದವರಲ್ಲಿ ಅದು ಸಾಮಾನ್ಯ ಇಂಪ್ಲಾಂಟ್‌ಗಿಂತ ಹೆಚ್ಚು ವರ್ಷ ಬಾಳುತ್ತದೆ ಎಂದು ಖಚಿತವಾಗಿ ಸಾಬೀತಾಗಿಲ್ಲ.

ಹಣದ ಮಾತು ಬಂದಾಗ ಇದನ್ನೂ ನೆನಪಿಡಿ: 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಮಂಡಿ ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ನಿಗದಿ ಮಾಡಿತು. ಆಗಿನ ಆದೇಶದಲ್ಲಿ ಕೋಬಾಲ್ಟ್-ಕ್ರೋಮಿಯಂ ಇಂಪ್ಲಾಂಟ್‌ಗೆ 54,720 ರೂಪಾಯಿ, ಟೈಟಾನಿಯಂ ಮತ್ತು ಆಕ್ಸಿಡೈಸ್ಡ್ ಜಿರ್ಕೋನಿಯಂ ಬಗೆಗೆ 76,600 ರೂಪಾಯಿ, ಜಿಎಸ್‌ಟಿ ಬೇರೆ. ಹೊಳಪಿನ, ಬಣ್ಣದ ಹೆಸರಿನಲ್ಲಿ ಸಾಲ ಮಾಡುವ ಮೊದಲು ಬಿಲ್‌ನಲ್ಲಿ ಇಂಪ್ಲಾಂಟ್ ಬೆಲೆಯನ್ನು ಬೇರೆಯಾಗಿ ತೋರಿಸಲು ಕೇಳಿ.

ಕಣ್ಣಿಗೆ ಕಾಣದ ದೋಷ

ಹಾಗಾದರೆ ಇಂಪ್ಲಾಂಟ್‌ಗಳಲ್ಲಿ ದೋಷವೇ ಇರುವುದಿಲ್ಲವೇ? ಇರುತ್ತದೆ. ಆದರೆ ಅದು ಫೋಟೋದಲ್ಲಿ ಕಾಣುವುದಿಲ್ಲ.

2000ನೇ ಇಸವಿಯ ಡಿಸೆಂಬರ್‌ನಲ್ಲಿ ಸುಲ್ಜರ್ ಆರ್ಥೋಪೆಡಿಕ್ಸ್ ಎಂಬ ಕಂಪನಿ ಅಮೆರಿಕದಲ್ಲಿ ತಯಾರಿಸಿದ ಸೊಂಟದ ಕೀಲಿನ ಬಟ್ಟಲುಗಳನ್ನು ಹಿಂಪಡೆಯಿತು. ತಯಾರಿಕೆಯ ಸಮಯದ ಯಂತ್ರದ ಎಣ್ಣೆಯ ಅಂಶ ಅವುಗಳ ಮೇಲ್ಮೈಯಲ್ಲಿ ಉಳಿದಿತ್ತು. ಎಣ್ಣೆಪಸೆ ಇದ್ದ ಮೈಗೆ ಮೂಳೆ ಅಂಟಲಿಲ್ಲ. ಬಟ್ಟಲುಗಳು ಸಡಿಲವಾಗಿ ಸಾವಿರಾರು ಜನ ಮತ್ತೆ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ಲೋಹ ಒಳ್ಳೆಯದೇ ಇತ್ತು, ನೋಡಲು ಚೆನ್ನಾಗಿಯೇ ಇತ್ತು. ತಪ್ಪಿದ್ದು ತೊಳೆತ.

ಎರಡನೆಯದು ನಮ್ಮ ದೇಶಕ್ಕೂ ತಟ್ಟಿದ ಪ್ರಕರಣ. ಜಾನ್ಸನ್ ಅಂಡ್ ಜಾನ್ಸನ್‌ನ ಅಂಗಸಂಸ್ಥೆ ಡಿಪ್ಯೂ ತಯಾರಿಸಿದ ಎಎಸ್‌ಆರ್ ಎಂಬ ಸೊಂಟದ ಕೀಲನ್ನು 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಿಂಪಡೆಯಲಾಯಿತು. ಅದರಲ್ಲಿ ಗುಂಡೂ ಲೋಹ, ಬಟ್ಟಲೂ ಲೋಹ, ಎರಡೂ ಕನ್ನಡಿಯಷ್ಟು ಹೊಳಪು. ಆದರೂ ಉಜ್ಜಾಟದಿಂದ ಕೋಬಾಲ್ಟ್ ಮತ್ತು ಕ್ರೋಮಿಯಂ ಸುತ್ತಲಿನ ಮಾಂಸಕ್ಕೆ, ರಕ್ತಕ್ಕೆ ಸೇರಿತು. ಭಾರತದಲ್ಲಿ ಇಂಥ ಸುಮಾರು 4,700 ಆಪರೇಷನ್‌ಗಳಾಗಿದ್ದವು. 2018ರಲ್ಲಿ ಕೇಂದ್ರ ಸರ್ಕಾರ 1.23 ಕೋಟಿ ರೂಪಾಯಿವರೆಗಿನ ಪರಿಹಾರದ ಸೂತ್ರವನ್ನು ಒಪ್ಪಿತು.

"ಲೋಹ ರಕ್ತಕ್ಕೆ ಸೇರುತ್ತದೆ" ಎಂಬ ಫಾರ್ವರ್ಡ್‌ನ ಮಾತಿನಲ್ಲಿರುವ ಸತ್ಯದ ತುಣುಕು ಇದು. ಆದರೆ ಆ ತೊಂದರೆ ಬಂದದ್ದು ಎರಡು ಲೋಹಗಳು ಸದಾ ಉಜ್ಜಾಡುವ ಒಂದು ಬಗೆಯ ಕೀಲಿನಲ್ಲಿ, ಅದೂ ಹೊಳೆಯುವ ಲೋಹದಿಂದ. ಮುರಿದ ಕಾಲಿನ ರಾಡ್ ಹಾಗೆ ತಿರುಗುವ ಕೀಲಲ್ಲ.

ಬೆಂಗಳೂರಿನ ಕಪ್ಪು ಟೈಟಾನಿಯಂ

ಮೇಲ್ಮೈಯ ಕೆಲಸ ನಮ್ಮ ರಾಜ್ಯದಲ್ಲೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಾಫರ್ ಹಸನ್, ಶುಭಂ ಜೈನ್ ಮತ್ತು ಕೌಶಿಕ್ ಚಟರ್ಜಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಟೈಟಾನಿಯಂನ ಮೇಲ್ಮೈಯನ್ನು ಕೊರೆದು ಕಣ್ಣಿಗೆ ಕಾಣದಷ್ಟು ಸಣ್ಣ ಕಂಬಗಳ ಕಾಡಿನಂತೆ ಮಾಡುವ ಬಗ್ಗೆ. ಹಾಗೆ ಕೊರೆದ ಮೈ ಬೆಳಕನ್ನು ನುಂಗಿಕೊಳ್ಳುವುದರಿಂದ ಕಪ್ಪಗೆ ಕಾಣುತ್ತದೆ. ಅದಕ್ಕೇ ಅದನ್ನು ಕಪ್ಪು ಟೈಟಾನಿಯಂ ಎಂದು ಕರೆದರು. ಪ್ರಯೋಗಾಲಯದಲ್ಲಿ ಅದರ ಮೇಲೆ ಬಿದ್ದ ಬ್ಯಾಕ್ಟೀರಿಯಾಗಳು ಔಷಧಿಯಿಲ್ಲದೆಯೇ ಸತ್ತವು, ಮನುಷ್ಯರ ಕಾಂಡಕೋಶಗಳು ಮಾತ್ರ ಬೆಳೆದವು. ಏರೋಪ್ಲೇನ್ ಚಿಟ್ಟೆಯ ರೆಕ್ಕೆಗೂ ಇಂಥದೇ ಗುಣವಿದೆ.

ಇದು ಪ್ರಯೋಗಾಲಯದ ಫಲಿತಾಂಶ, ಆಸ್ಪತ್ರೆಯಲ್ಲಿ ಸಿಗುವ ವಸ್ತುವಲ್ಲ. ಆದರೆ ಇಂಪ್ಲಾಂಟ್ ಸುತ್ತ ಸೋಂಕಾದರೆ ರೋಗಿ ಪಡುವ ಪಾಡು ನೋಡಿದವರಿಗೆ ಇದರ ಬೆಲೆ ಗೊತ್ತು. ಬೀದರ್‌ನಲ್ಲಿ ಕಪ್ಪು ಸತುವು, ಬೆಂಗಳೂರಿನಲ್ಲಿ ಕಪ್ಪು ಟೈಟಾನಿಯಂ. ಎರಡಕ್ಕೂ ಹೊಳಪಿಲ್ಲ, ಎರಡೂ ಅಸಲಿ.

ಹಾಗಾದರೆ ನಾವು ಏನನ್ನು ನೋಡಬೇಕು?

ಇಂಪ್ಲಾಂಟ್ ಸ್ಟಿಕ್ಕರ್ ಕೇಳಿ ಪಡೆಯಿರಿ. ಡಬ್ಬಿಯಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸ್ಟಿಕ್ಕರ್ ಇರುತ್ತವೆ. ಒಂದು ಆಸ್ಪತ್ರೆಯ ಕಡತಕ್ಕೆ, ಇನ್ನೊಂದನ್ನು ನಿಮ್ಮ ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಲು ಹೇಳಿ. ಅದರಲ್ಲಿ ಕಂಪನಿಯ ಹೆಸರು, ಇಂಪ್ಲಾಂಟ್‌ನ ಹೆಸರು ಮತ್ತು ಅಳತೆ, ಲಾಟ್ ಅಥವಾ ಬ್ಯಾಚ್ ಸಂಖ್ಯೆ ಇರಬೇಕು. ಮುಂದೆ ಎಂದಾದರೂ ಕಂಪನಿ ಆ ಬ್ಯಾಚನ್ನು ಹಿಂಪಡೆದರೆ ನಿಮ್ಮದು ಅದರಲ್ಲಿದೆಯೇ ಎಂದು ಹೇಳಬಲ್ಲದ್ದು ಆ ಸಂಖ್ಯೆ ಮಾತ್ರ.

ಡಬ್ಬಿಯ ಮೇಲೆ ಪರವಾನಗಿ ಸಂಖ್ಯೆ ನೋಡಿ. 2018ರ ಜನವರಿ 1ರಿಂದ ಜಾರಿಯಲ್ಲಿರುವ ವೈದ್ಯಕೀಯ ಸಾಧನಗಳ ನಿಯಮಗಳ ಪ್ರಕಾರ ಇಂಪ್ಲಾಂಟ್ ತಯಾರಿಸಲು, ಆಮದು ಮಾಡಲು ಪರವಾನಗಿ ಬೇಕು. "ಇಂಪೋರ್ಟೆಡ್ ಮಾತ್ರ ಒಳ್ಳೆಯದು" ಎಂಬುದೂ ತಪ್ಪು. ಗುಜರಾತಿನ ರಾಜ್‌ಕೋಟ್‌ನಂಥ ಕಡೆ ಇಂಪ್ಲಾಂಟ್ ತಯಾರಿಸುವ ಹಲವು ಕಾರ್ಖಾನೆಗಳಿವೆ. ಹುಮನಾಬಾದಿನಿಂದ ಇದೇ ಹೆದ್ದಾರಿಯಲ್ಲಿ ಹೋದರೆ ಸಿಗುವ ಹೈದರಾಬಾದಿನಲ್ಲಿ ಸರ್ಕಾರಿ ಸ್ವಾಮ್ಯದ ಮಿಧಾನಿ ಇಂಪ್ಲಾಂಟ್‌ಗಳಿಗೆ ಬೇಕಾದ ಟೈಟಾನಿಯಂ ಮಿಶ್ರಲೋಹ ತಯಾರಿಸುತ್ತದೆ.

ವೃತ್ತದೊಳಗೆ 2 ಎಂದು ಬರೆದು ಅಡ್ಡಗೆರೆ ಎಳೆದ ಗುರುತು ಇದ್ದರೆ "ಒಂದೇ ಸಲ ಬಳಸಿ" ಎಂದು ಅರ್ಥ.

ಆರ್ಟಿಫಿಶಿಯಲ್ ಓಲೆ, ವಾಚ್‌ನ ಬೆಲ್ಟ್‌ನಿಂದ ಚರ್ಮ ಕೆರೆತ ಬರುವವರು ಆಪರೇಷನ್‌ಗೆ ಮೊದಲೇ ವೈದ್ಯರಿಗೆ ಹೇಳಿ. ಅದು ನಿಕ್ಕೆಲ್ ಅಲರ್ಜಿ ಇರಬಹುದು.

ಇಂಪ್ಲಾಂಟ್‌ನಿಂದ ತೊಂದರೆಯಾಗಿದೆ ಅನ್ನಿಸಿದರೆ ವೈದ್ಯರ ಮೂಲಕ ಭಾರತದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ವರದಿ ಮಾಡಬಹುದು. 2015ರಲ್ಲಿ ಆರಂಭವಾದ ಈ ಕಾರ್ಯಕ್ರಮಕ್ಕೆ ನೀವೇ ನೇರವಾಗಿಯೂ ತಿಳಿಸಬಹುದು. ಉಚಿತ ಸಹಾಯವಾಣಿ 1800-180-3024.

ರಾಡ್ ತೆಗೆಸಲೇಬೇಕೇ?

ಮೂಳೆ ಕೂಡಿದ ಮೇಲೂ ಬಹಳಷ್ಟು ದೊಡ್ಡವರಲ್ಲಿ ರಾಡ್ ಒಳಗೇ ಉಳಿಯಬಹುದು. ಸ್ಕ್ರೂ ಚರ್ಮಕ್ಕೆ ಒತ್ತಿ ನೋಯುತ್ತಿದ್ದರೆ, ಸೋಂಕಾಗಿದ್ದರೆ, ಬೆಳೆಯುವ ಮಕ್ಕಳಾಗಿದ್ದರೆ ವೈದ್ಯರು ತೆಗೆಯಲು ಹೇಳಬಹುದು. ಮೂಳೆ ಕೂಡುವ ಮೊದಲೇ ತೆಗೆಸಿದರೆ ಅದು ಮತ್ತೆ ಮುರಿಯುವ ಅಪಾಯವಿದೆ. ರಾಡ್ ಮುರಿದ ಎಷ್ಟೋ ಪ್ರಕರಣಗಳಲ್ಲಿ ಮೂಲ ಕಾರಣ ನಕಲಿ ಲೋಹವಲ್ಲ, ಮೂಳೆ ಕೂಡದಿರುವುದು. ಕೂಡದ ಮೂಳೆಯ ಭಾರವನ್ನೆಲ್ಲ ರಾಡ್ ಒಂದೇ ತಿಂಗಳುಗಟ್ಟಲೆ ಹೊರಲಾರದು. ಹೇಳಿದ ದಿನ ಎಕ್ಸ್‌ರೇ ಮಾಡಿಸುವುದು ಇದಕ್ಕಾಗಿಯೇ.

ಜ್ವರ, ಗಾಯದಲ್ಲಿ ಕೀವು, ಕೆಂಪಾಗಿ ಬಿಸಿಯಾಗುವುದು, ಕಡಿಮೆಯಾಗಿದ್ದ ನೋವು ಮತ್ತೆ ಹೆಚ್ಚುವುದು, ಇದ್ದಕ್ಕಿದ್ದಂತೆ ಕಾಲೂರಲು ಆಗದಿರುವುದು: ಇವುಗಳಲ್ಲಿ ಯಾವುದಾದರೂ ಇದ್ದರೆ ತಡಮಾಡದೆ ಮೂಳೆ ವೈದ್ಯರನ್ನು ಕಾಣಿ.

ಆ ಓದುಗರಿಗೆ ನಾವು ಹೇಳಿದ್ದೂ ಇಷ್ಟೇ: ಡಿಸ್ಚಾರ್ಜ್ ಫೈಲ್ ತೆಗೆದು ಸ್ಟಿಕ್ಕರ್ ಇದೆಯಾ ನೋಡಿ, ಆಪರೇಷನ್ ಮಾಡಿದ ವೈದ್ಯರಿಗೇ ಹೊಸ ಎಕ್ಸ್‌ರೇ ತೋರಿಸಿ. ಸ್ಟಿಕ್ಕರ್ ಇತ್ತು. ಅದರಲ್ಲಿ ಟೈಟಾನಿಯಂ ಎಂದು ಬರೆದಿತ್ತು. ಎಕ್ಸ್‌ರೇ ನೋಡಿದ ವೈದ್ಯರು ಮೂಳೆ ಕೂಡುತ್ತಿದೆ, ಕಾಲೂರಿ ನಡೆಯಿರಿ ಎಂದರಂತೆ. ತೊಗರಿಯ ರೊಕ್ಕ ಉಳಿಯಿತು, ತಂದೆ ಮತ್ತೆ ಅಂಗಳಕ್ಕಿಳಿದರು.

ಅದೇ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದರೆ ಮುಂದಕ್ಕೆ ಕಳಿಸಬೇಡಿ. ಮನೆಯಲ್ಲಿ ರಾಡ್, ಪ್ಲೇಟ್ ಹಾಕಿಸಿಕೊಂಡವರಿದ್ದರೆ ಇವತ್ತೇ ಅವರ ಸ್ಟಿಕ್ಕರ್ ಹುಡುಕಿ, ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ.